ಹಗೇವಿನೊಳಗಿನ ಎರಡೂವರೆ ಮಿಲಿಗ್ರಾಂ

ತವನಪ್ಪ ಚಿಕ್ಕೋಡಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಜವಾನನಾಗಿದ್ದ ಎಂದರೆ ಅರ್ಧ ಮಾತು ಹೇಳಿದಂತಾಯಿತು. ಹೆಸರಿಗೆ ಜವಾನ. ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಯ ಮುಂದೆ ಕೂತನೆಂದರೆ ಪ್ರಿನ್ಸಿಪಾಲರೂ ಬಾಗಿಲಲ್ಲೇ ನಿಲ್ಲಬೇಕು. ಮಿಲಿಗ್ರಾಮಿನ ಹತ್ತನೇ ಪಾಲೂ ಅವನ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಜಂಬವಿತ್ತು, ಇರಲಿ ಬಿಡಿ, ಅಂಥವನಿಗಲ್ಲದೆ ಇನ್ಯಾರಿಗೆ ಇರಬೇಕು?

೧೯೮೭ರ ಚಳಿಗಾಲದಲ್ಲಿ ಅಲ್ಲಿಯ ಪ್ರಾಧ್ಯಾಪಕ ಮುರಗೆಪ್ಪ ಸರ್ ಪಿಎಚ್.ಡಿ.ಗೆಂದು ಒಂದು ವಿಚಿತ್ರ ಕೆಲಸ ಹಿಡಿದರು. ಬೆಂಝೊಯಿಕ್ ಆಮ್ಲವೆಂಬ ಬಿಳಿ ಪುಡಿ, ಕಾಯಿಸದೆ ಕುದಿಸದೆ, ಕೂತಲ್ಲೇ ತುಸುತುಸುವೇ ಆವಿಯಾಗಿ ಗಾಳಿಗೆ ಸೇರುತ್ತದಂತೆ. ಎಷ್ಟು ಸೇರಿತೆಂದು ತೂಗಿದರೆ ಅದರ ಆವಿ ಒತ್ತಡ ಲೆಕ್ಕಕ್ಕೆ ಸಿಗುತ್ತದೆ.

"ಕರ್ಪೂರಧಂಗೇನ್ರಿ ಸರ್?" ಎಂದ ತವನಪ್ಪ.

"ಕರ್ಪೂರ ಓಡತೈತಿ. ಇದು ತೆವಳತೈತಿ," ಎಂದರು ಸರ್.

ಪುಡಿ ತುಂಬಿದ ಗಾಜಿನ ನಳಿಕೆಯಲ್ಲಿ ಒಣಗಾಳಿಯನ್ನು ಹತ್ತು ದಿನ ಮೆಲ್ಲಗೆ ಹಾಯಿಸಬೇಕು, ಒಟ್ಟು ನಾನೂರು ಲೀಟರ್. ನಳಿಕೆಯ ತೂಕ ಇಳಿದಷ್ಟು ಗಾಳಿಯ ಪಾಲು. ಆದರೆ ಆ ಹತ್ತೂ ದಿನ ನಳಿಕೆಯ ಸುತ್ತಲ ಶಾಖ ಏರಬಾರದು, ಇಳಿಯಬಾರದು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಲ್ಲಿ ಅದು ಆಗುವ ಮಾತೇ?

"ನಮ್ಮೂರು ಸದಲಗಾದಾಗ ನಮ್ಮನಿ ಹಗೇವು ಖಾಲಿ ಐತ್ರಿ," ಎಂದ ತವನಪ್ಪ. ಜೋಳ ತುಂಬಿಡಲು ಅವನ ಅಜ್ಜ ತೋಡಿಸಿದ ನೆಲದಡಿಯ ಕಣಜ ಅದು. "ಬ್ಯಾಸಗಿ ಇರ್ಲಿ, ಥಂಡಿ ಇರ್ಲಿ, ಒಳಗ ಒಂದ ನಮೂನಿ ಹವಾ ಇರತೈತ್ರಿ."

ಸರ್ ನಕ್ಕರು. ಥರ್ಮಾಮೀಟರ್ ಇಳಿಬಿಟ್ಟು ಮೂರು ದಿನ ನೋಡಿದ ಮೇಲೆ ನಗಲಿಲ್ಲ. ಪಾದರಸ ಕದಲಿರಲಿಲ್ಲ.

ನಳಿಕೆ ಹಗ್ಗದಲ್ಲಿ ಕೆಳಗಿಳಿಯಿತು. ಅದರ ರಬ್ಬರ್ ಪೈಪು ಅಂಗಳದ ನೀರಿನ ಕ್ಯಾನಿಗೆ ಬಂತು. ಕ್ಯಾನಿನ ನೀರು ಸಣ್ಣಗೆ ಸೋರಿದಷ್ಟೂ ಹಗೇವಿನ ಗಾಳಿ, ತೇವ ಹೀರುವ ಸುಟ್ಟ ಸುಣ್ಣದ ಮೇಲೆ ಹಾಯ್ದು ಒಣಗಿ, ನಳಿಕೆಯೊಳಗಿಂದ ಮೇಲಕ್ಕೆ ಬರುತ್ತಿತ್ತು. ಕರೆಂಟಿನ ಹಂಗೇ ಇಲ್ಲ. ಪ್ರತಿ ಹತ್ತನೇ ದಿನ ತವನಪ್ಪ ನಳಿಕೆ ಎತ್ತಿ, ಬಸ್ಸಿನಲ್ಲಿ ಚಿಕ್ಕೋಡಿಗೆ ಒಯ್ದು ತೂಗುತ್ತಿದ್ದ.

ಮೊದಲ ಸಲ ತೂಕ ಒಂದು ಮಿಲಿಗ್ರಾಂ ಇಳಿಯಿತು. ಎರಡನೇ ಸಲ ಏರಿತು. ಹೋಗಬೇಕಾದದ್ದು ಬರುವುದೆಂದರೇನು? ಮೂರನೇ ಸಲ ಇಳಿಯಲೂ ಇಲ್ಲ, ಏರಲೂ ಇಲ್ಲ.

"ಹಗೇವಿನ ಪಸಿ, ತ್ಯಾವ ನಳಿಕಿಗೆ ಹತ್ತಿರಬೇಕು. ಸಾಕ್ ಬಿಡು ತವನಪ್ಪ," ಎಂದರು ಸರ್.

ಬೈದಿದ್ದರೆ ನುಂಗಿಕೊಳ್ಳುತ್ತಿದ್ದ. ಅಜ್ಜನ ಹಗೇವಿನ ಮೇಲೆ ತಪ್ಪು ಹೊರಿಸಿದ್ದು ಅವನ ಎದೆಗೆ ನಾಟಿತು. ಮರುದಿನ ಬೆಳಿಗ್ಗೆ ಬಸದಿಗೆ ಹೋಗಿ, ಹಣೆಗೆ ಗಂಧವಿಟ್ಟುಕೊಂಡು ಮೆಟ್ಟಿಲಿಳಿಯುವಾಗ ತನ್ನ ಬಿಳಿ ಧೋತರದ ಮೇಲೆ ಹಳದಿ ಬೆರಳಚ್ಚು ಕಂಡ. ಅಲ್ಲೇ ಕೂತುಬಿಟ್ಟ. ಲ್ಯಾಬಿನಲ್ಲಿ ಚಿಮಟವಿಲ್ಲದೆ ಏನನ್ನೂ ಮುಟ್ಟದ ಈ ಮಹಾಶಯ, ಪ್ರತಿ ಹತ್ತನೇ ದಿನ ತೂಕ ಸರಿ ಬರಲೆಂದು ದೇವರಿಗೆ ಕೈಮುಗಿದು ಬಂದು, ಅದೇ ಗಂಧದ ಬೆರಳಿನಿಂದ ನಳಿಕೆ ಎತ್ತಿದ್ದ. ನಳಿಕೆಯ ಜೊತೆ ಗಂಧವೂ ತಕ್ಕಡಿ ಏರಿತ್ತು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹಗೇವು ಸುಳ್ಳಾಗಿಯೇ ಉಳಿಯುತ್ತಿತ್ತು. ಬಸ್ಸಿಳಿದವನೇ ಸರ್ ಮುಂದೆ ನಿಂತು ಎಲ್ಲ ಹೇಳಿದ.

ಸರ್ ತೂಕ ಬರೆದಿಟ್ಟಿದ್ದ ವಹಿ ಮುಚ್ಚಿದರು. "ತಿಂಗಳ ದುಡಿತ ನೀರಾಗ ಹೋತು," ಎಂದರು.

"ಹೌದ್ರಿ."

"ಹಗೇವಿನ ತಪ್ಪಲ್ಲ ಅಂದಂಗಾತು."

"ಅಲ್ರಿ. ನಂದು."

"ಹಂಗಾರ ಮತ್ತ ಇಳಸು."

ಇಳಿಸುವುದೇನೋ ಸರಿ. ಅಷ್ಟರಲ್ಲಿ ಸುಗ್ಗಿಯ ರಾಶಿ ಮುಗಿದು ಜೋಳದ ಚೀಲಗಳು ಪಡಸಾಲೆ ತುಂಬಿದ್ದವು. ತಾಯಿ ರಾಜಮತಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಹಗೇವು ಯಾವಾಗ ಬಿಟ್ಟುಕೊಡ್ತಿ?"

"ತಿಂಗಳ ತಡಿಬೇ ಅವ್ವಾ."

"ಒಂದ್ ಚಿಟಿಕಿ ಪುಡಿ ಸಲುವಾಗಿ ಇಲಿಗೆ ಊಟ ಹಾಕ್ಲೇನು?" ಅವಳು ನಳಿಕೆಯೊಳಗೆ ಇಣುಕಿದಳು. "ಹೆಂಗಿತ್ತೋ ಹಂಗ ಐತಲ್ಲೋ."

"ಹೋಗಾಕತ್ತೈತಿ. ಕಣ್ಣಿಗೆ ಕಾಣಂಗಿಲ್ಲ. ಬಸದಿ ಗಂಧದ ಕೈಲೆ ಎತ್ತಿ ನಾನ ತೂಕ ಕೆಡಿಸಿದ್ನಿ."

ಜೈನರ ನೇಮದಂತೆ ದಿನಾ ನೀರು ಸೋಸುವ ಹೆಂಗಸು ಅವಳು. ಕಾಣದ ಜೀವ ನೀರಿನಲ್ಲಿರುತ್ತದೆಂದು ಐವತ್ತು ವರ್ಷ ಅರಿವೆ ಹಿಡಿದವಳು. ಅವಳ ಮುಖ ಮೆತ್ತಗಾಯಿತು.

"ಕಾಣದ್ದು ಐತಿ ಅಂತ ನಾ ನೀರ ಸೋಸ್ತೀನಿ. ಕಾಣದ್ದು ಹೋಗತೈತಿ ಅಂತ ನೀ ತೂಗ್ತಿ," ಎಂದಳು. ಸೋಸಲು ತಂದಿದ್ದ ಹೊಸ ಅರಿವೆಯಲ್ಲಿ ಒಂದು ತುಂಡು ಹರಿದು ಕೊಟ್ಟಳು. "ಇದರಾಗ ಹಿಡಿ. ಬಸದಿಗೆ ಹೋಗೂದು ಮಾತ್ರ ಬಿಡಬ್ಯಾಡ."

ತಿಂಗಳಿಡೀ ರಾಜಮತಿ ಜೋಳಕ್ಕೆ ಇಲಿ ಬೀಳದಂತೆ ಕಾದಳು. ಮೂರು ಸಲ ನಳಿಕೆ ಇಳಿಯಿತು, ಆ ಅರಿವೆಯಲ್ಲೇ ಮೇಲೆ ಬಂತು. ಮೊದಲು ಇಳಿದ ತೂಕ ಎರಡು ಪಾಯಿಂಟ್ ಆರು ಮಿಲಿಗ್ರಾಂ. ಆಮೇಲೆ ಎರಡು ಪಾಯಿಂಟ್ ಐದು. ಕಡೆಗೆ ಮತ್ತೆ ಎರಡು ಪಾಯಿಂಟ್ ಆರು. ಸರ್ ಲೆಕ್ಕ ಹಾಕಿ ಪರದೇಶದ ದಪ್ಪ ಪುಸ್ತಕ ತೆರೆದರು. ದೊಡ್ಡ ದೊಡ್ಡ ಯಂತ್ರಗಳಲ್ಲಿ ಅಳೆದ ಅಂಕಿಯ ಪಕ್ಕದಲ್ಲೇ ಸದಲಗಾದ ಹಗೇವಿನ ಅಂಕಿ ಬಂದು ಕೂತಿತ್ತು. ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಸಂಜೆ ಮನೆಗೆ ಬಂದಾಗ ರಾಜಮತಿ ಚೀಲದ ಮೇಲೆ ಕೂತಿದ್ದಳು. "ಕಡೀಕ ಎಷ್ಟ್ ಹೋತು?" ಎಂದಳು.

ತವನಪ್ಪ ಒಂದು ಜೋಳದ ಕಾಳನ್ನು ಅವಳ ಅಂಗೈಯಲ್ಲಿಟ್ಟ. "ಇದರಾಗ ಹನ್ನೆರಡ ಪಾಲ ಮಾಡಿದ್ರ ಒಂದ್ ಪಾಲು. ನಾಕನೂರ ಲೀಟರ್ ಗಾಳ್ಯಾಗ."

ಅವಳು ಕಾಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮಗನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು.

"ಈ ಕೈಲೆ ತೂಗಿದಿ?" ಎಂದು ಬೆರಗಾಗಿ ಕೇಳಿದಳು.