ಡಾಬಕಾದ ಶಾಲುಬಾಯಿ ಬೀದರಿಗೆ ಕಳಿಸಿದ ನೀರು

ಔರಾದ ತಾಲೂಕಿನ ಡಾಬಕಾದಲ್ಲಿ ಶಾಲುಬಾಯಿ ಹದಿಮೂರು ವರ್ಷ ಶಾಲೆಯ ಬಿಸಿಯೂಟ ಬೇಯಿಸಿದವಳು. ಅವಳ ಕೈಯ ಬೇಳೆಯಲ್ಲಿ ಒಂದು ಹರಳು ಸಿಕ್ಕಿತೆಂದು ಹೇಳಿದ ಮಗುವನ್ನು ನಾನಂತೂ ಕಂಡಿಲ್ಲ.

ಎರಡು ಸಾವಿರದ ಹದಿನಾರರ ಬೇಸಿಗೆಗೆ ಊರ ಬಾವಿ ತಳ ಕಂಡಿತು. ಟ್ಯಾಂಕರಿನವರು ಅದರೊಳಗೇ ನೀರು ಸುರಿದು ಹೋಗುತ್ತಿದ್ದರು; ಸುರಿದ ರಭಸಕ್ಕೆ ಕೆಳಗಿನ ರಾಡಿ ಎದ್ದು ನೀರು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಓಣಿಯ ಅರ್ಧ ಮನೆಗಳಿಗೆ ಕೀಲಿ ಬಿದ್ದಿತ್ತು, ಜನ ಕೂಲಿಗೆಂದು ಹೈದರಾಬಾದಿಗೆ ಹೋಗಿದ್ದರು. ಪಕ್ಕದ ಮನೆಯ ಜಿಜಾಬಾಯಿಯ ಮೊಮ್ಮಕ್ಕಳಿಗೆ ಭೇದಿ ನಿಂತಿರಲಿಲ್ಲ. ಅವಳೂ ಊರು ಬಿಡಲು ಗಂಟು ಕಟ್ಟಿದ್ದಳು. ಅವಳಿಲ್ಲದ ಓಣಿಯನ್ನು ನೆನೆದರೆ ಶಾಲುಬಾಯಿಗೆ ಅನ್ನ ಇಳಿಯುತ್ತಿರಲಿಲ್ಲ.

ಬೀದರಿನ ವಿಶ್ವವಿದ್ಯಾಲಯದಲ್ಲಿ ಇವಾಂಜಲಿನ ಎಂಬವಳು ನೀರು ತೊಳೆಯುವ ಪುಡಿಯೊಂದರ ಸಂಶೋಧನೆ ಮಾಡುತ್ತಿದ್ದಳು. ಕಬ್ಬಿಣದ ಕಣಗಳು, ಕೂದಲೆಳೆಯ ದಪ್ಪದಲ್ಲಿ ಸಾವಿರಾರು ಕೂರುವಷ್ಟು ಸಣ್ಣವು. ಹೊಲಸು ಅವಕ್ಕೆ ಅಂಟಿಕೊಳ್ಳುತ್ತದೆ. ಅಯಸ್ಕಾಂತ ಹಿಡಿದರೆ ಎರಡೂ ಒಟ್ಟಿಗೆ ಬದಿಗೆ ಸರಿಯುತ್ತವೆ. ಈ ಪುಡಿಯ ಡ್ರಮ್ಮು ಇದ್ದದ್ದು ಒಂದೇ. ಭಾಲ್ಕಿ ಕಡೆಯ ಒಂದು ಊರು, ಡಾಬಕಾ, ಇವೆರಡರಲ್ಲಿ ಯಾವುದರ ನೀರು ಹೆಚ್ಚು ಕೆಟ್ಟಿದೆಯೋ ಅಲ್ಲಿಗೆ ಅದು. ಔರಾದಿನ ಬಸ್ ನಿಲ್ದಾಣದಲ್ಲಿ ಶಾಲುಬಾಯಿಗೆ ಆರು ಬಾಟಲಿ ಕೊಟ್ಟು, ಸೋಮವಾರಕ್ಕೊಂದರಂತೆ ಬಾವಿಯ ನೀರು ತುಂಬಿ ಬಸ್ಸಿನಲ್ಲಿ ಕಳಿಸಲು ಹೇಳಿದ್ದಳು.

ಆರನೆಯ ವಾರ ದಾಟಿದ ಮೇಲೆ ಇವಾಂಜಲಿನಳೇ ಶಾಲುಬಾಯಿಯ ಮನೆಗೆ ಬಂದಳು.

"ಮೌಶಿ, ನಿಮ್ಮೂರ ನೀರು ಚಲೋ ಅದರಿ. ಡ್ರಮ್ಮು ಭಾಲ್ಕಿ ಕಡಿ ಹೋಗ್ತದ."

ಜಿಜಾಬಾಯಿ ಬಾಗಿಲಲ್ಲೇ ನಕ್ಕಳು. "ಹಂಗಾದ್ರ ನಮ್ಮ ಹುಡುಗ್ರು ಚೈನಿಗಿ ಚರಗಿ ಹಿಡಕೊಂಡು ಬಯಲಿಗಿ ಓಡ್ತಾವೇನ್ರಿ?"

ಶಾಲುಬಾಯಿ ಎದ್ದು ಒಳಗೆ ಹೋದಳು. ನಾಲ್ಕು ಮಡಿಕೆಯ ಧೋತರದ ತುಂಡು, ಸವೆದ ಪಟಿಕದ ಹರಳು ತಂದು ಇವಾಂಜಲಿನಳ ಮುಂದಿಟ್ಟಳು.

"ಬಾಟ್ಲಿ ತುಂಬೂ ಮುಂದ ಸೋಸಿನ್ರಿ ಬಾಯಿ. ಪಟಿಕ ತಿರುವಿ, ರಾತ್ರಿಯೆಲ್ಲ ತಿಳಿಗಿ ಬಿಟ್ಟೇನಿ."

"ಯಾಕ್ರಿ ಮೌಶಿ? ಹ್ಯಾಂಗಿತ್ತೋ ಹಂಗ ತುಂಬ್ರಿ ಅಂದಿದ್ದೆ."

"ನಮ್ಮತ್ತಿ ಈ ಬಾವಿ ಮುಟ್ಟೂಹಂಗ ಇರ್ಲಿಲ್ಲರಿ. ಯಾರರ ಸೇದಿ ಮ್ಯಾಲಿಂದ ಹೊಯ್ದ್ರ ಕೊಡ ಒಡ್ಡಬೇಕು. ಈಗ ನನ್ನ ಕೈಯಾನ ನೀರು ಬೀದರಕ ಹೊಂಟದ. ಹೊಲಸು ನೀರು ಹ್ಯಾಂಗ ಕಳಿಸ್ಲಿ?"

ಇವಾಂಜಲಿನ ಚೀಲದಿಂದ ಹೊಸ ಬಾಟಲಿ ತೆಗೆದಳು. ಮೂವರೂ ಬಾವಿಗೆ ಹೋದರು. ಶಾಲುಬಾಯಿ ಸೇದಿದಳು, ಸೋಸದ ನೀರನ್ನು ಬಾಟಲಿಗೆ ಬಗ್ಗಿಸುವಾಗ ಕೈ ತಡೆಯಿತು. ಕಣ್ಣು ಬೇರೆ ಕಡೆ ಮಾಡಿ ಹೊಯ್ದಳು. ತಳದಲ್ಲಿ ಕೆಸರು ಕೂತಿತು, ಒಂದು ಹುಳ ಮೇಲೆ ಈಜಾಡಿತು.

"ಹಳೇ ಲೆಕ್ಕ ಎಲ್ಲಾ ಹೊಡದಹಾಕಬೇಕ್ರಿ," ಎಂದಳು ಇವಾಂಜಲಿನ. "ಮತ್ತ ಆರು ವಾರ ತುಂಬಬೇಕು. ಅಲ್ಲಿತನಕ ಡ್ರಮ್ಮು ಯಾ ಊರಿಗೂ ಕೊಡಂಗಿಲ್ಲ."

ಶಾಲುಬಾಯಿ ಜಿಜಾಬಾಯಿಯ ಮುಖ ನೋಡಿದಳು.

"ನನ್ನೇನ್ ನೋಡ್ತಿ?" ಎಂದಳು ಜಿಜಾಬಾಯಿ. "ಆರು ವಾರ ಹುಡುಗ್ರಿಗಿ ನಿನ್ನ ಪಟಿಕದ ನೀರೇ ಕುಡಸ್ತೇನಿ. ಬಾಟ್ಲಿ ಮಾತ್ರ ನಿನ್ನ ಕೈಯಾಗ ಕೊಡಂಗಿಲ್ಲ, ನಾ ತುಂಬ್ತೇನಿ. ನಿನ್ನ ನಂಬಿದ್ರ ಊರೇ ಖಾಲಿ ಆಗ್ತದ."

ಮರುದಿನ ಅವಳು ಗಂಟು ಬಿಚ್ಚಿ ಬಟ್ಟೆಗಳನ್ನು ಗೂಟಕ್ಕೆ ಹಾಕಿದಳು.