ನಾನು ನೆಟ್ಟಗೆ ಮಾಡಿದ ಕಾಲುದಾರಿ

ಕಪಾಟಿನ ಮೇಲಿದ್ದ ಪ್ಲಾಸ್ಟಿಕ್ ಕೊಳವೆಯ ಮುಚ್ಚಳ ತೆಗೆದಾಗ ಟ್ರೇಸಿಂಗ್ ಪೇಪರಿನ ಹಳೇ ವಾಸನೆ ಮೂಗಿಗೆ ಬಡಿಯಿತು. ವೀಸಾ ಮುಗಿಯುತ್ತಿದೆ, ಊರಿಗೆ ಹೊರಡಬೇಕು. ವಾರದಿಂದ ಗಲ್ಫಿನ ಮಿರ್ದಿಫಿನ ಈ ಫ್ಲ್ಯಾಟಿನಲ್ಲಿ ಸಾಮಾನು ಕಟ್ಟಿ ಕಟ್ಟಿ ಸೊಂಟ ಬಿದ್ದುಹೋಗಿದೆ.

"ಅದೆಂತದು ಇನ್ನು? ಬಿಸಾಡಿ ಮಾರಾಯ್ರೆ, ಕಾರ್ಗೋದಲ್ಲಿ ಜಾಗ ಇಲ್ಲ," ಎಂದಳು ಹೆಂಡತಿ.

ಬಿಸಾಡಲು ಮನಸ್ಸಾಗಲಿಲ್ಲ. ಅದರೊಳಗೆ ಒಂದು ಇಂಗ್ಲಿಷ್ ಹಳ್ಳಿ ಇತ್ತು...

ಕೆಲವು ವರ್ಷಗಳ ಹಿಂದೆ ನಾವು ಇಲ್ಲೇ ಒಂದು ವಿಲ್ಲಾದ ಹಿಂಬದಿಯ ಕೋಣೆಯಲ್ಲಿದ್ದೆವು. ಪಕ್ಕದ ವಿಲ್ಲಾದಲ್ಲಿ ಮಗಳ ಜೊತೆಗಿದ್ದ ಮುದುಕರು ಇಂಗ್ಲೆಂಡಿನವರು, ನಿವೃತ್ತ ಭೂಗೋಳದ ಮಾಸ್ಟ್ರು. ನಾನು ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಎಂದು ತಿಳಿದ ಮೇಲೆ, ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬರುವವನನ್ನು ಗೇಟಿನಲ್ಲೇ ಹಿಡಿಯುತ್ತಿದ್ದರು. ಚಹಾ, ಬಿಸ್ಕತ್ತು, ಆಮೇಲೆ ಅವರ ಹಳ್ಳಿ. ಹತ್ತಿಪ್ಪತ್ತು ಮನೆ, ಒಂದು ಚರ್ಚು, ಚಳಿಗಾಲದಲ್ಲಿ ಉಕ್ಕುವ ಸಣ್ಣ ಹೊಳೆ. ಪ್ರತಿ ಹೊಲಕ್ಕೂ ಹೆಸರು. ಏನೂ ಬೆಳೆಯದ ದಿಬ್ಬಕ್ಕೆ 'ಹಸಿವಿನ ಗುಡ್ಡ'. ನಮ್ಮ ಕಡೆಯೂ ಬಾಕಿಮಾರು ಗದ್ದೆ, ಕಂಬಳದ ಗದ್ದೆ ಎಂದು ಹೆಸರುಂಟು ಎಂದರೆ ಅದನ್ನೂ ಬರೆದುಕೊಳ್ಳುವರು. ವಾರವಿಡೀ ಚರಂಡಿ ಪೈಪುಗಳ ಗೆರೆ ಎಳೆದು ಸತ್ತುಬಂದವನಿಗೆ ರಜೆಯಲ್ಲೂ ಇದೇ ಪಾಡಾ ಎಂದು ಒಳಗೊಳಗೇ ಬೈದುಕೊಂಡದ್ದೂ ಉಂಟು.

ಒಂದು ಶುಕ್ರವಾರ ಅವರ ಮುಖ ಸಪ್ಪಗಿತ್ತು. ಹೊಲವೊಂದನ್ನು ಕೊಂಡ ಹೊಸ ಮಾಲೀಕ, ಅದರೊಳಗಿಂದ ಚರ್ಚಿಗೆ ಹೋಗುವ ಕಾಲುದಾರಿಗೆ ಬೇಲಿ ಹಾಕಲು ಹೊರಟಿದ್ದ. ವರ್ಷಾನುಗಟ್ಟಲೆ ಜನ ತಡೆಯಿಲ್ಲದೆ ನಡೆದಿದ್ದಾರೆ ಎಂದು ತೋರಿಸಿಕೊಟ್ಟರೆ ಅಂಥ ದಾರಿ ಮುಚ್ಚುವ ಹಾಗಿಲ್ಲವಂತೆ, ಅದು ಅವರ ದೇಶದ ಕ್ರಮ. ಆ ದಾರಿ ಬಲ್ಲ ಹಳಬರಲ್ಲಿ ಉಳಿದವರು ಇವರು ಮತ್ತು ಊರಲ್ಲಿದ್ದ ಇವರ ಅಕ್ಕ.

"ಅಕ್ಕ ಈಗಲೂ ಕೋಲು ಊರಿಕೊಂಡು ಅದರಲ್ಲೇ ಚರ್ಚಿಗೆ ಹೋಗುತ್ತಾಳೆ. ಮುಚ್ಚಿದರೆ ಗುಡ್ಡ ಸುತ್ತಬೇಕು, ಅವಳಿಂದಾಗದು," ಎಂದರು ತಮ್ಮ ಇಂಗ್ಲಿಷಿನಲ್ಲಿ.

ಪೆನ್ಸಿಲಿನಲ್ಲಿ ಬರೆದ ನಕ್ಷೆ ಕೊಟ್ಟರು. ಚೆಂದದ ಒಂದು ಪ್ರತಿ ಮಾಡಿಕೊಡಿ, ದಾರಿಯ ಬಗ್ಗೆ ನನ್ನ ಹೇಳಿಕೆಯ ಜೊತೆ ಅಲ್ಲಿನ ಕಚೇರಿಗೆ ಕಳಿಸುತ್ತೇನೆ ಎಂದರು.

ಸುಸ್ತಾಗಿತ್ತು, ಒಂದೇ ಕೂತಲ್ಲಿ ಎಳೆದು ಮುಗಿಸಿದೆ. ಕಾಲುದಾರಿ ಹೊಲದ ನಡುವೆ ಡೊಂಕಾಗಿತ್ತು. ಮುದುಕರ ಕೈ ನಡುಗಿರಬೇಕು ಎಂದುಕೊಂಡು ಸ್ಕೇಲಿಟ್ಟು ನೆಟ್ಟಗೆ ಮಾಡಿದೆ. ಇಪ್ಪತ್ತು ವರ್ಷದ ಚಾಳಿ ನೋಡಿ! ಅವರು ನನ್ನ ಮೇಲಿನ ನಂಬಿಕೆಯಿಂದ ಸರಿಯಾಗಿ ನೋಡದೆಯೇ ಅದರ ಪ್ರಿಂಟಿಗೆ ಸಹಿ ಹಾಕಿ ಕಳಿಸಿದರು; ಟ್ರೇಸಿಂಗ್ ನನ್ನಲ್ಲೇ ಉಳಿಯಿತು.

ಕೆಲವು ತಿಂಗಳ ಮೇಲೆ ಉತ್ತರ ಬಂತು. ನಕ್ಷೆಯ ದಾರಿ ಹಾದುಹೋಗುವಲ್ಲಿ, ಮಾಸ್ಟ್ರು ಹೇಳಿದ ಕಾಲಕ್ಕೆ, ಒಂದು ಕೊಳವಿತ್ತು. ಜನ ನೀರಿನ ಮೇಲೆ ನಡೆಯುತ್ತಿದ್ದರೇ ಎಂದು ಮಾಲೀಕನ ವಕೀಲ ಕೇಳಿದನಂತೆ. ಮಾಸ್ಟ್ರ ನೆನಪು ನಂಬುವಂಥದ್ದಲ್ಲ ಎಂದು ಕಚೇರಿಯವರು ಹೇಳಿಕೆಯನ್ನೇ ತಳ್ಳಿಹಾಕಿದರು. ದಾರಿಗೆ ಬೇಲಿ ಬಿತ್ತು. ಅಕ್ಕ ಚರ್ಚಿಗೆ ಹೋಗುವುದನ್ನು ಬಿಟ್ಟರು.

ಇದನ್ನೆಲ್ಲ ಓದಿ ಹೇಳಿದ ಮಾಸ್ಟ್ರು ಕಾಗದ ಮಡಚಿ, "ಕೊಳದ ವಿಷಯ ನಿಮಗೆ ಹೇಳಬೇಕಿತ್ತು. ತಪ್ಪು ನನ್ನದೇ," ಎಂದರು. ಡೊಂಕನ್ನು ಬೇಕೆಂದೇ ತೆಗೆದವನು ನಾನು ಎಂದು ಹೇಳಲಿಲ್ಲ. ಚಹಾ ಕುಡಿದು ಎದ್ದುಬಂದೆ. ನಾಚಿಕೆಗೇಡು. ಆ ಬೇಸಿಗೆಯಲ್ಲಿ ಅವರು ಅಕ್ಕನ ಬಳಿಗೆ ಹೋದರು, ಮರಳಿ ಬರಲಿಲ್ಲ. ತೀರಿಹೋದ ಸುದ್ದಿಯನ್ನು ಮಗಳೇ ಗೇಟಿನ ಹತ್ತಿರ ಹೇಳಿದ್ದು...

ಇವತ್ತು ನನ್ನ ಆ ಟ್ರೇಸಿಂಗಿನ ಒಳಸುತ್ತಿನಲ್ಲಿ ಅವರ ಪೆನ್ಸಿಲ್ ನಕ್ಷೆ ಸಿಕ್ಕಿತು. ಗೆರೆಗಳು ಎಲ್ಲಿಯೂ ನಡುಗಿಲ್ಲ. ಡೊಂಕಿನ ಪಕ್ಕದಲ್ಲಿ ಏನೋ ಸಣ್ಣ ಅಕ್ಷರ, ಅಂದು ನಾನು ಓದುವ ಗೋಜಿಗೇ ಹೋಗದ್ದು. ಕನ್ನಡಕ ಹಾಕಿಕೊಂಡೆ. 'ಇಲ್ಲಿ ಹಳೆಯ ಕೊಳ, ಈಗ ಮುಚ್ಚಿದೆ. ದಾರಿ ಬಳಸಿ ಹೋಗುತ್ತದೆ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು.

ಅವರು ಹೇಳಿಯೇ ಇದ್ದರು. ತಾವು ಬರೆದದ್ದು ಅವರಿಗೆ ಮರೆತಿರಲಿಕ್ಕಿಲ್ಲ. ಆದರೂ ತಪ್ಪು ನನ್ನದೇ ಎಂದರಲ್ಲ...

"ಖಲಾಸಾ? ಕಟ್ಟಿ ಆಯ್ತಾ?" ಹೆಂಡತಿ ಒಳಗಿಂದ ಕೇಳಿದಳು.

ನಕ್ಷೆಯನ್ನು ಕೈಚೀಲದೊಳಗೆ ಪಾಸ್‌ಪೋರ್ಟಿನ ಜೊತೆ ಇಟ್ಟೆ. ಕಿಟಕಿಯಿಂದ ಮಾಸ್ಟ್ರಿದ್ದ ಆ ವಿಲ್ಲಾದ ಗೇಟು ಕಾಣುತ್ತದೆ. ತಪ್ಪೊಪ್ಪಿಕೊಳ್ಳೋಣವೆಂದರೆ ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಲು ಈಗ ಯಾರೂ ಇಲ್ಲ.