ನಾಮ್‌ಖಾನಾ ಲೋಕಲ್‌ನಲ್ಲಿ ಮೂರು ಲೋಳೆಜೀವಗಳು

ಕೊಲ್ಕತ್ತಾದಲ್ಲಿ ನನ್ನ ಮಗಳು ಸಂಶೋಧನೆ ಮಾಡುವುದು ಬಾಚಣಿಗೆ ಜೆಲ್ಲಿಗಳ ಮೇಲೆ. ಲೋಳೆಮೀನಿನ ಹಾಗೆ ಕಡಲಲ್ಲಿ ತೇಲುವ, ಕೈ ತಾಗಿದರೆ ಹರಿದುಹೋಗುವ ಜೀವ. ಅವಳು ಹುಡುಕುವುದು ಎಂಥ ಬಗೆಯೆಂದರೆ, ಕೆಡದಂತೆ ಇಡೋಣವೆಂದು ಫಾರ್ಮಲಿನ್ನಿಗೆ ಹಾಕಿದರೆ ಕರಗಿಯೇ ಹೋಗುತ್ತದೆ. ಬಂಗಾಳದ ದಕ್ಷಿಣ ತುದಿಯ ಬಕ್ಖಾಲಿ ತೀರದಲ್ಲಿ ಹೊಸ ಬಗೆಯೊಂದನ್ನು ಕಂಡೆನೆಂದು ಅವಳು ಫೋಟೋ ತೋರಿಸಿದರೆ ಅವಳ ಗೈಡು, "ನೀರು ಕಾಣ್ತದೆ, ಪ್ರಾಣಿ ಎಲ್ಲಿ?" ಎಂದರಂತೆ. ಜೀವಂತ ತಂದು ತೋರಿಸದೆ ಬೇರೆ ದಾರಿಯಿರಲಿಲ್ಲ.

ಹೋದ ಬೇಸಿಗೆಯ ಶುರುವಿನಲ್ಲಿ ನಾನೂ ಜೊತೆಗೆ ಹೋದೆ. ರೈಲ್ವೆಯಿಂದ ನಿವೃತ್ತನಾದವನು, ಹೊನ್ನಾವರದ ಕಡೆಯವನು, ಬಲೆ ಹಿಡಿಯಲಾದರೂ ಆದೇನು ಎಂದು. ಮೂರು ಸಿಕ್ಕವು. ಕಡಲ ನೀರು ತುಂಬಿದ ಡಬ್ಬಿ ಹಿಡಿದು ನಾಮ್‌ಖಾನಾದಲ್ಲಿ ಕೊಲ್ಕತ್ತಾದ ಸಿಯಾಲ್ದಾಕ್ಕೆ ಹೋಗುವ ಲೋಕಲ್ ಹತ್ತಿದೆವು; ಡಬ್ಬಿ ನನ್ನ ತೊಡೆಯ ಮೇಲೆ.

ನಡುಮಧ್ಯಾಹ್ನ ಗಾಡಿ ಗದ್ದೆಗಳ ನಡುವೆ ನಿಂತುಬಿಟ್ಟಿತು. ನಸುಕಿಗೇ ಎದ್ದಿದ್ದ ಮಗಳು ಕಿಟಕಿಗೆ ಒರಗಿ ನಿದ್ದೆಹೋದಳು. ಡಬ್ಬಿ ಬೆಚ್ಚಗಾಗತೊಡಗಿತು. ಎದುರಿಗೆ ಕೂತಿದ್ದ ಮೀನು ಮಾರುವ ಹೆಂಗಸು, ಎಲ್ಲರ ಬಾಯಲ್ಲಿ ಮಾಶಿ ಅಂದರೆ ಚಿಕ್ಕಮ್ಮ, ಬಗ್ಗಿ ನೋಡಿ, "ಕಿಛುಯಿ ತೊ ನೇಯಿ, ದಾದಾ! ಖಾಲಿ ಜಲ್!" ಎಂದಳು. ಏನೂ ಇಲ್ಲವಲ್ಲ, ಬರೀ ನೀರು! ಸುತ್ತಲಿನವರು ನಕ್ಕರು. ಜೀವವಿದೆ, ಸೆಕೆಗೆ ಸಾಯುತ್ತದೆಂದು ನಾನು ಹರಕು ಬಂಗಾಳಿಯಲ್ಲಿ ಹೇಳಿದ್ದೇ ತಡ, ತನ್ನ ಬುಟ್ಟಿಯಿಂದ ಒಂದು ಹಿಡಿ ಐಸು ತೆಗೆದು ಚಾಚಿದಳು. ಮೀನು ಕಂಡರೆ ಐಸು ಹಾಕುವುದು ಊರಲ್ಲಿ ನನಗೆ ಅಜ್ಜಿ ಕಲಿಸಿದ ಅಭ್ಯಾಸ. ಕೈ ಯೋಚಿಸಲಿಲ್ಲ, ಡಬ್ಬಿಗೆ ಸುರಿದೆ.

ಮೊದಲು ಅವುಗಳ ಮೈಮೇಲಿನ ಮಿನುಗು ನಿಂತಿತು. ಆಮೇಲೆ ಅಂಚು ಗಂಜಿತಿಳಿಯಂತೆ ಬೆಳ್ಳಗಾಯಿತು. ಐಸು ಆರಿಸಹೋದೆ, ಜೆಲ್ಲಿಯೊಂದು ನನ್ನ ಬೆರಳು ತಾಗಿಯೇ ಎರಡಾಯಿತು. ಮಗಳನ್ನು ಎಬ್ಬಿಸಿದೆ.

"ಅಪ್ಪಾ, ಐಸ್ ಯಾರು ಹಾಕಿದ್ದು?"

"ನಾನೇ ಮಾರಾಯ್ತಿ. ಬಿಸಿ ಆಗ್ತಿತ್ತು."

"ಅದು ಸಿಹಿನೀರು ಅಪ್ಪಾ. ಸಾಲ್ಟ್ ಕಮ್ಮಿ ಆದ್ರೆ ಇವು ಉಳಿಯಲ್ಲ."

"ಒಂಚೂರು ಉಪ್ಪು ಹಾಕಿದ್ರೆ? ಮಾಶಿ ಹತ್ರ ಇರಬಹುದು..."

"ಪ್ಲೀಸ್ ಅಪ್ಪಾ. ಏನೂ ಮಾಡ್ಬೇಡಿ."

ಮೂರೂ ನಮ್ಮ ಕಣ್ಣೆದುರೇ ನೂಲುನೂಲಾಗಿ ನೀರಲ್ಲಿ ಸೇರಿಹೋದವು. "ಕೆಂದೊ ನಾ, ಮಾ, ಆಬಾರ್ ಪಾಬೆ," ಅಳಬೇಡ, ಮತ್ತೆ ಸಿಗ್ತದೆ, ಎಂದು ಮಾಶಿ ಅವಳ ಮಂಡಿ ತಟ್ಟಿದಳು. ಮಗಳು ನನಗೆ ಮಾತ್ರ ತಿಳಿಯುವಂತೆ ಕನ್ನಡದಲ್ಲಿ, "ಇವುಗಳ ಸೀಸನ್ ಮುಗೀತು, ಇನ್ನು ಸಿಗೋದು ಮುಂದಿನ ವರ್ಷ. ಫೆಲೋಶಿಪ್ ಜೂನ್‌ಗೇ ಮುಗೀತದೆ," ಎಂದಳು.

ಆಮೇಲೆ ಗೈಡಿಗೆ ಫೋನು ಮಾಡಿದಳು. ಗಾಡಿ ತಡವಾಯಿತು ಸರ್, ಸೆಕೆಗೆ ಸತ್ತವು, ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಐಸಿನ ಮಾತೇ ಎತ್ತಲಿಲ್ಲ.

ಗಾಡಿ ಹೊರಟಿತು. ನೀರು ಚೆಲ್ಲದೆ ಡಬ್ಬಿಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡೆ. ಸಿಯಾಲ್ದಾ ಬರುವವರೆಗೂ ತುಳುಕದಂತೆ ಹಿಡಿದುಕೊಂಡೇ ಕೂತೆ.